ಹಳೇ ಕಾರಿಗೆ ಕಳ್ಳರು ಕೈ ಹಾಕಿದರು, ಹೇಗೋ ಗಾಡಿ ಉಳಿಯಿತು. ಇನ್ನು ಮುಂದೆ ಹೇಗೆ ಕಾಪಾಡಿಕೊಳ್ಳಲಿ?

ಅಪ್ಪನ ಗಾಡಿ

ಎಲ್ಲರಿಗೂ ನಮಸ್ಕಾರ. ಮೊನ್ನೆ ರಾತ್ರಿ ಮನೆ ಮುಂದೆ ನಿಲ್ಲಿಸಿದ್ದ ನಮ್ಮ ಕಾರಿಗೆ ಕಳ್ಳರು ನುಗ್ಗಿದ್ದಾರೆ. 1986ರ ಕಾರು. ಕಾರ್ಬ್ಯುರೇಟರ್, ಪಾಯಿಂಟ್ ಇಗ್ನಿಷನ್. ಸೆಂಟ್ರಲ್ ಲಾಕ್ ಇಲ್ಲ, ಅಲಾರಂ ಇಲ್ಲ. ಅಪ್ಪ ತೆಗೆದುಕೊಂಡಿದ್ದ ಗಾಡಿ. ಅವರು ಹೋದ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ.

ಬೆಳಿಗ್ಗೆ ಹೋಗಿ ನೋಡಿದರೆ ಹಿಂದಿನ ಬಾಗಿಲಿನ ಪುಟ್ಟ ತ್ರಿಕೋನದ ಗಾಜು ಪುಡಿಪುಡಿ. ಸೀಟಿನ ಹೊಲಿಗೆ ಸಂದಿಯಲ್ಲೆಲ್ಲ ಗಾಜಿನ ಕಾಳು. ಇಗ್ನಿಷನ್ ಬೀಗದ ಸುತ್ತ ಸ್ಕ್ರೂಡ್ರೈವರ್ ಗೀರು, ಕೀ ಹಾಕುವ ಬಾಯಿ ಒಂದು ಕಡೆಗೆ ಅಗಲವಾಗಿದೆ. ಸ್ಟೇರಿಂಗ್ ಲಾಕ್ ಹಿಡಿದುಕೊಂಡಿದ್ದರಿಂದ ಗಾಡಿ ಅಲ್ಲೇ ಇತ್ತು, ಇಲ್ಲದಿದ್ದರೆ ಹೋಗಿಯೇ ಬಿಡುತ್ತಿತ್ತು. ಸ್ಟೀರಿಯೊ ಕಿತ್ತುಕೊಂಡು ಹೋಗಿದ್ದಾರೆ, ಅದು ಹೋದರೆ ಹೋಗಲಿ. ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಅಪ್ಪನ ಕನ್ನಡಕದ ಡಬ್ಬಿ ಇತ್ತು, ಅದೂ ಹೋಯಿತು. ಅದರಲ್ಲಿ ಏನೋ ಇರಬಹುದು ಅಂದುಕೊಂಡರೋ ಏನೋ.

ದೂರು ಕೊಟ್ಟಿದ್ದೇನೆ. ಈಗ ಕೇಳುವುದು ಇಷ್ಟು: ಇಂಥ ಹಳೇ ಗಾಡಿಗೆ ನಿಜವಾಗಿ ಕೆಲಸಕ್ಕೆ ಬರುವ ಭದ್ರತೆ ಯಾವುದು? ಅಂಗಡಿಯವರು ರಿಮೋಟ್ ಅಲಾರಂ ಹಾಕಿಸಿ ಅನ್ನುತ್ತಾರೆ. ಹಳೇ ವೈರಿಂಗ್ ಕತ್ತರಿಸಲು ನನಗೆ ಮನಸ್ಸಿಲ್ಲ.


ಕೀಲಿಕೈ

ಓದಿ ಬೇಸರವಾಯಿತು. ನಾನು ಬೀಗದ ಕೆಲಸ ಮಾಡುವವನು, ಅದಕ್ಕೆ ಬೀಗದಿಂದಲೇ ಶುರು ಮಾಡುತ್ತೇನೆ.

ಅಲಾರಂ ಮಾತು ಆಮೇಲೆ. ಮೊದಲು ಒಂದು ಪರೀಕ್ಷೆ ಮಾಡಿ. ಬಾಗಿಲ ಬೀಗಕ್ಕೆ ಕೀ ಹಾಕಿ, ಅರ್ಧ ಹೊರಗೆ ಎಳೆದು ತಿರುಗಿಸಿ ನೋಡಿ. ತಿರುಗಿತಾ? ಹಾಗಾದರೆ ಆ ಬೀಗ ಇದ್ದರೂ ಇಲ್ಲದಿದ್ದರೂ ಒಂದೇ. ಇಗ್ನಿಷನ್‌ಗೂ ಹಾಗೇ ನೋಡಿ. ಎಂಜಿನ್ ಓಡುತ್ತಿರುವಾಗ ಕೀ ಕೈಗೆ ಕಿತ್ತು ಬರುತ್ತದೆಯಾ? ಎಷ್ಟೋ ಜನ ಅದನ್ನೇ ಅಭ್ಯಾಸ ಮಾಡಿಕೊಂಡಿರುತ್ತಾರೆ, "ನಮ್ಮ ಗಾಡಿ ಹಾಗೇ" ಅಂತ. ಅದು ಗಾಡಿಯ ಗುಣವಲ್ಲ ಸರ್, ಬೀಗ ಸವೆದಿದೆ ಅಂತ ಅರ್ಥ.

ಕಾರಣ ಹೇಳುತ್ತೇನೆ. ಆ ಕಾಲದ ಕಾರ್ ಬೀಗದೊಳಗೆ ತೆಳ್ಳಗಿನ ಹಿತ್ತಾಳೆ ಬಿಲ್ಲೆಗಳು ಸಾಲಾಗಿ ಕೂತಿರುತ್ತವೆ, ಒಂದೊಂದಕ್ಕೂ ಒಂದು ಪುಟ್ಟ ಸ್ಪ್ರಿಂಗು. ಸರಿಯಾದ ಕೀ ಒಳಗೆ ಹೋದಾಗ ಎಲ್ಲ ಬಿಲ್ಲೆಗಳೂ ಒಂದೇ ಮಟ್ಟಕ್ಕೆ ಬರುತ್ತವೆ, ಬೀಗ ತಿರುಗುತ್ತದೆ. ಮೂವತ್ತು ನಲವತ್ತು ವರ್ಷ ಕೀ ಉಜ್ಜಿ ಉಜ್ಜಿ ಬಿಲ್ಲೆಯ ಅಂಚು ದುಂಡಗಾಗುತ್ತದೆ, ಕೀಯ ಹಲ್ಲೂ ಸವೆಯುತ್ತದೆ, ಸ್ಪ್ರಿಂಗ್ ಸೋಲುತ್ತದೆ. ಆಮೇಲೆ ಸುಮಾರಾಗಿ ಹೊಂದುವ ಯಾವ ಕೀ ಹಾಕಿ ಅಲ್ಲಾಡಿಸಿದರೂ ತೆಗೆದುಕೊಳ್ಳುತ್ತದೆ. ಬೀಗ ಬಿಚ್ಚಿ, ತೊಳೆದು, ಬಿಲ್ಲೆ ಮತ್ತು ಸ್ಪ್ರಿಂಗ್ ಬದಲಾಯಿಸಿ, ಹೊಸ ಅಳತೆಗೆ ಹೊಸ ಕೀ ಕತ್ತರಿಸಿದರೆ ಅದೇ ಹಳೇ ಬೀಗ ಮತ್ತೆ ಬೀಗವಾಗುತ್ತದೆ. ಸವೆದ ಕೀಗೆ ನಕಲು ಮಾಡಿಸಬೇಡಿ, ಸವೆದದ್ದೇ ಇನ್ನೊಂದು ಬರುತ್ತದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಹಲವು ಹಳೇ ವಾಹನಗಳ ಕೀ ತಲೆಯ ಮೇಲೆ, ಕೆಲವದರಲ್ಲಿ ಬೀಗದ ಮುಖದ ಮೇಲೇ, ಕೀ ನಂಬರ್ ಹೊಡೆದಿರುತ್ತಾರೆ. ಆ ನಂಬರ್ ಇದ್ದರೆ ಗಾಡಿಯನ್ನು ಮುಟ್ಟದೆಯೇ ಕೀ ತಯಾರಿಸಬಹುದು. ನಂಬರನ್ನು ಮನೆಯಲ್ಲಿ ಬರೆದಿಟ್ಟುಕೊಂಡು, ಕೀ ಮೇಲಿಂದ ಅರದಲ್ಲಿ ಉಜ್ಜಿ ತೆಗೆಯಿರಿ.


ಅಪ್ಪನ ಗಾಡಿ

ಈಗಷ್ಟೇ ಹೋಗಿ ನೋಡಿ ಬಂದೆ. ಡ್ರೈವರ್ ಬಾಗಿಲ ಬೀಗ ಅರ್ಧ ಕೀಗೇ ತಿರುಗಿತು. ಎಡಗಡೆಯದು ತಿರುಗಲಿಲ್ಲ, ಅದನ್ನು ನಾವು ಬಳಸಿದ್ದೇ ಕಡಿಮೆ. ಡಿಕ್ಕಿಯ ಬೀಗಕ್ಕೆ ನಮ್ಮ ಬೀರುವಿನ ಕೀ ಹಾಕಿದೆ, ತೆರೆದುಕೊಂಡಿತು. ಕೈಕಾಲು ತಣ್ಣಗಾಯಿತು. ಇಷ್ಟು ವರ್ಷ ಬೀಗ ಹಾಕಿದ್ದೇನೆ ಅಂತ ನೆಮ್ಮದಿಯಾಗಿ ಮಲಗುತ್ತಿದ್ದೆ.


ವೈರಿಂಗ್ ಮೇಷ್ಟ್ರು

ಕೀಲಿಕೈ ಅವರು ಹೇಳಿದ್ದು ಸರಿ, ಅಲ್ಲಿಂದಲೇ ಆಗಬೇಕು. ಆದರೆ ಗಾಜು ಒಡೆಯುವವನಿಗೆ ಬೀಗ ಲೆಕ್ಕಕ್ಕಿಲ್ಲ. ಒಳಗೆ ಬಂದವನು ಗಾಡಿ ಓಡಿಸಿಕೊಂಡು ಹೋಗದ ಹಾಗೆ ಮಾಡುವುದು ಇನ್ನೊಂದು ಕೆಲಸ. ನಾನು ಆಟೋ ಎಲೆಕ್ಟ್ರಿಷಿಯನ್ ಆಗಿ ಬಹಳ ವರ್ಷ ದುಡಿದಿದ್ದೇನೆ, ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಈಗಿನ ಗಾಡಿಗಳಲ್ಲಿ ಕೀಯೊಳಗೆ ಚಿಪ್ ಇರುತ್ತದೆ. ಅದು ಹೊಂದದಿದ್ದರೆ ಕಂಪ್ಯೂಟರ್ ಎಂಜಿನ್ ಓಡಿಸಲು ಬಿಡುವುದಿಲ್ಲ. ಇದಕ್ಕೆ ಇಮ್ಮೊಬಿಲೈಸರ್ ಅನ್ನುತ್ತಾರೆ. ಯೂರೋಪಿನಲ್ಲಿ 1998ರಿಂದ, ಆಸ್ಟ್ರೇಲಿಯಾದಲ್ಲಿ 2001ರಿಂದ, ಕೆನಡಾದಲ್ಲಿ 2007ರಿಂದ ಹೊಸ ಕಾರುಗಳಿಗೆ ಕಡ್ಡಾಯ ಮಾಡಿದರು. ಅಮೆರಿಕದಲ್ಲಿ ಕಡ್ಡಾಯ ಇರಲಿಲ್ಲ. ಅಲ್ಲಿ ಅದಿಲ್ಲದೆ ಮಾರಿದ ಕಿಯಾ, ಹ್ಯುಂಡೈ ಕಾರುಗಳನ್ನು 2021-22ರ ಹೊತ್ತಿಗೆ ಹುಡುಗರು ವಿಡಿಯೋ ನೋಡಿಕೊಂಡು ಕದಿಯತೊಡಗಿದ್ದು ದೊಡ್ಡ ಸುದ್ದಿಯಾಗಿತ್ತು. ಅಷ್ಟು ಹೊಸ ಗಾಡಿಗಳದೇ ಆ ಪಾಡು ಅಂದರೆ, ನಮ್ಮ 1986ರ ಗಾಡಿಗೆ ನಾವೇ ಏನಾದರೂ ಮಾಡಿಕೊಳ್ಳಬೇಕು.

ಪಾಯಿಂಟ್ ಇಗ್ನಿಷನ್ ಅಂದರೆ ಪಾಯಿಂಟ್ ಎಂಬ ಪುಟ್ಟ ಸಂಪರ್ಕ ತೆರೆದಾಗಲೆಲ್ಲ ಕರೆಂಟ್ ತಪ್ಪಿ ಕಿಡಿ ಹುಟ್ಟುವ ಹಳೇ ಏರ್ಪಾಡು. ಅದು ಇರುವ ಗಾಡಿಗೆ ಗುಪ್ತ ಸ್ವಿಚ್ ಹಾಕುವಾಗ ಎಲ್ಲರೂ ಮಾಡುವ ತಪ್ಪು ಒಂದಿದೆ. ಇಗ್ನಿಷನ್ ಸ್ವಿಚ್‌ನಿಂದ, ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟ್ ಹುಟ್ಟಿಸುವ ಕಾಯಿಲ್‌ಗೆ ಹೋಗುವ ಪ್ಲಸ್ ವೈರನ್ನು ಮಧ್ಯದಲ್ಲಿ ಕತ್ತರಿಸಿ ಅಲ್ಲಿ ಸ್ವಿಚ್ ಇಡುತ್ತಾರೆ. ಬಾನೆಟ್ ಎತ್ತಿ ಬ್ಯಾಟರಿಯಿಂದ ನೇರವಾಗಿ ಕಾಯಿಲ್‌ಗೆ ಕರೆಂಟ್ ಕೊಡುವ ಕಳ್ಳನಿಗೆ ಆ ಸ್ವಿಚ್ ಅಡ್ಡವೇ ಬರುವುದಿಲ್ಲ. ಅದರ ಬದಲು ಕಾಯಿಲ್‌ನ ಮೈನಸ್ ಕಡೆಯಿಂದ, ಅಂದರೆ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಕಡೆಯಿಂದ, ಒಂದು ವೈರ್ ಎಳೆದು ಗುಪ್ತ ಸ್ವಿಚ್ ಮೂಲಕ ಅರ್ಥ್‌ಗೆ, ಅಂದರೆ ಗಾಡಿಯ ಕಬ್ಬಿಣದ ಮೈಗೆ, ಕೊಡಿ. ಸ್ವಿಚ್ ಆನ್ ಮಾಡಿದಾಗ ಪಾಯಿಂಟ್ ತೆರೆದರೂ ಕಾಯಿಲ್‌ಗೆ ಗೊತ್ತಾಗುವುದಿಲ್ಲ, ಕಿಡಿ ಹುಟ್ಟುವುದಿಲ್ಲ. ನೇರ ಕರೆಂಟ್ ಕೊಟ್ಟರೂ ಸೆಲ್ಫ್ ತಿರುಗುತ್ತಲೇ ಇರುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಕಳ್ಳ "ಗಾಡಿ ಕೆಟ್ಟಿದೆ" ಅಂದುಕೊಂಡು ಹೋಗುತ್ತಾನೆ. ಮೂಲ ವೈರಿಂಗ್ ಎಲ್ಲೂ ಕತ್ತರಿಸಬೇಕಿಲ್ಲ, ನಿಮಗೆ ಬೇಕಾಗಿದ್ದೂ ಅದೇ ಅಲ್ಲವಾ.

ಎಚ್ಚರಿಕೆ ಎರಡು. ಗುಪ್ತ ಸ್ವಿಚ್ ಆನ್ ಇರುವಾಗ ಇಗ್ನಿಷನ್ ಆನ್ ಮಾಡಿ ಹಾಗೇ ಬಿಡಬೇಡಿ. ಕಾಯಿಲ್‌ನ ಒಳಸುತ್ತು ಸುಮಾರು 3 ಓಮ್ ಇದ್ದರೆ 12 ವೋಲ್ಟ್‌ಗೆ 4 ಆಂಪಿಯರ್ ಒಂದೇ ಸಮ ಹರಿಯುತ್ತದೆ, ಕಾಯಿಲ್ ಕಾದು ಸುಟ್ಟುಹೋಗಬಹುದು. ಎರಡನೆಯದು, ಪಾಯಿಂಟ್ ತೆಗೆಸಿ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ ಗಾಡಿಗೆ ಇದನ್ನು ಮಾಡಬೇಡಿ. ಮಾಡ್ಯೂಲ್ ಸುಟ್ಟರೆ ನನ್ನನ್ನು ನೆನೆಸಿಕೊಳ್ಳುತ್ತೀರಿ.


ಡೀಸೆಲ್ ಹೊಗೆ

ಮೇಷ್ಟ್ರೇ, ನನ್ನದು ಹಳೇ ಡೀಸೆಲ್ ಜೀಪು. ಕಾಯಿಲ್ಲೂ ಇಲ್ಲ, ಪ್ಲಗ್ಗೂ ಇಲ್ಲ. ಬ್ಯಾಟರಿ ಟರ್ಮಿನಲ್ ಬಿಚ್ಚಿಡ್ತೀನಿ ದಿನಾ. ಸಾಕಾ?


ವೈರಿಂಗ್ ಮೇಷ್ಟ್ರು

ಸಾಲದು. ಡೀಸೆಲ್‌ಗೆ ಕಿಡಿ ಬೇಡ, ಬೇಕಾಗಿರುವುದು ಡೀಸೆಲ್ ಮಾತ್ರ. ನಿಮ್ಮ ಪಂಪ್ ಮೇಲೆ ಕರೆಂಟ್ ಸಿಕ್ಕರೆ ತೆರೆಯುವ ಸೊಲೆನಾಯ್ಡ್ ವಾಲ್ವ್ ಇದೆಯಾ, ಅಥವಾ ಎಳೆದು ನಿಲ್ಲಿಸುವ ಕೇಬಲ್ ಇದೆಯಾ ಮೊದಲು ನೋಡಿ. ಕೇಬಲ್ ಇರುವ ಗಾಡಿಯನ್ನು ಇಳಿಜಾರಿನಲ್ಲಿ ತಳ್ಳಿದರೆ ಬ್ಯಾಟರಿ ಇಲ್ಲದೆಯೂ ಸ್ಟಾರ್ಟ್ ಆಗುತ್ತದೆ. ಅಂಥದಕ್ಕೆ ಟ್ಯಾಂಕ್‌ನಿಂದ ಬರುವ ಪೈಪಿಗೆ ಒಂದು ಒಳ್ಳೆಯ ವಾಲ್ವ್, ಕೈಗೆ ಸುಲಭವಾಗಿ ಸಿಗದ ಜಾಗದಲ್ಲಿ. ಪೈಪಿನಲ್ಲಿ ಉಳಿದ ಡೀಸೆಲ್‌ನಲ್ಲಿ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ, ನಿಮಗೂ ಆಮೇಲೆ ಗಾಳಿ ತೆಗೆಯುವ ಕೆಲಸ ಬೀಳುತ್ತದೆ. ಹಾಗಾಗಿ ತುಂಬಾ ದಿನ ನಿಲ್ಲಿಸುವಾಗ ಮಾತ್ರ ಅದು, ದಿನಾ ಬೇಡ. ದಿನದ ಬಳಕೆಗೆ ಸ್ಟೇರಿಂಗ್‌ಗೆ, ಪೆಡಲ್‌ಗೆ ಕಬ್ಬಿಣದ ಲಾಕ್ ಹಾಕಿ.

ಬ್ಯಾಟರಿಯ ಸಂಪರ್ಕ ಕಡಿಯುವ ಐಸೊಲೇಟರ್ ಸ್ವಿಚ್ ಕೆಟ್ಟದ್ದೇನಲ್ಲ. ಅರ್ಥ್ ಕಡೆಗೆ ಹಾಕಿಸಿ, ದಿನಾ ಸ್ಪ್ಯಾನರ್ ಹಿಡಿಯುವ ಕಷ್ಟ ತಪ್ಪುತ್ತದೆ. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಎಂಜಿನ್ ಓಡುವಾಗ ಮಾತ್ರ ಅದನ್ನು ಯಾವತ್ತೂ ತಿರುಗಿಸಬೇಡಿ, ಡಯೋಡ್‌ಗಳು ಹೋಗುತ್ತವೆ.


ಮಳೆಹನಿ

ಮೇಷ್ಟ್ರು ಹೇಳಿದ ಉಪಾಯ ಚೆನ್ನಾಗಿದೆ, ಆದರೆ ನನ್ನ ಅನುಭವ ಹೇಳಲೇಬೇಕು. ನನ್ನ ವ್ಯಾನ್‌ಗೆ ಒಬ್ಬರು ಮೆಕ್ಯಾನಿಕ್ ಫ್ಯುಯೆಲ್ ಪಂಪ್ ವೈರ್ ಕತ್ತರಿಸಿ ಗುಪ್ತ ಸ್ವಿಚ್ ಹಾಕಿಕೊಟ್ಟಿದ್ದರು. ಸೋಲ್ಡರ್ ಇಲ್ಲ, ಕ್ರಿಂಪ್ ಇಲ್ಲ. ವೈರ್ ಸುತ್ತಿ ಟೇಪ್ ಹಾಕಿದ್ದರು ಅಷ್ಟೇ. ನಾಲ್ಕು ತಿಂಗಳು ಸುಮ್ಮನಿತ್ತು. ಒಂದು ಸಂಜೆ ಹೆದ್ದಾರಿಯಲ್ಲಿ ಲಾರಿಯೊಂದನ್ನು ಓವರ್‌ಟೇಕ್ ಮಾಡುತ್ತಿರುವಾಗ ಎಂಜಿನ್ ಸತ್ತುಹೋಯಿತು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಹಿಂದೆ ಬರುತ್ತಿದ್ದವರು ಬ್ರೇಕ್ ಹಾಕಿದ್ದರಿಂದ ಪಕ್ಕಕ್ಕೆ ಬರಲು ಆಯಿತು. ಆಮೇಲೆ ನೋಡಿದರೆ ಟೇಪು ಬಿಸಿಗೆ ಕರಗಿ, ವೈರ್ ತುದಿ ಹಸಿರು ಹಿಡಿದು ಬಿಟ್ಟುಕೊಂಡಿತ್ತು.

ಕಳ್ಳತನಕ್ಕೆ ಹೆದರಿ ಓಡುವ ಗಾಡಿಯನ್ನು ಅಪಾಯಕ್ಕೆ ದೂಡಬೇಡಿ ಅಂತ ಎಲ್ಲರಲ್ಲೂ ಬೇಡಿಕೊಳ್ಳುತ್ತೇನೆ.


ವೈರಿಂಗ್ ಮೇಷ್ಟ್ರು

ಮೇಡಂ, ನೀವು ಬರೆದಿದ್ದಕ್ಕೆ ಧನ್ಯವಾದ. ಇದನ್ನು ನಾನೇ ಮೊದಲು ಬರೆಯಬೇಕಿತ್ತು.

ಯಾವ ಸ್ವಿಚ್ ಕೆಟ್ಟರೆ ಏನಾಗುತ್ತದೆ ಅಂತ ಯೋಚಿಸಿಯೇ ಸರ್ಕ್ಯೂಟ್ ಆರಿಸಬೇಕು. ಸೆಲ್ಫ್ ಮೋಟಾರಿನ ಕಂಟ್ರೋಲ್ ವೈರಿಗೆ ಹಾಕಿದ ಸ್ವಿಚ್ ಕೆಟ್ಟರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ, ಓಡುತ್ತಿರುವ ಗಾಡಿಗೆ ಏನೂ ಆಗುವುದಿಲ್ಲ. ಪಂಪ್‌ಗೋ ಪ್ಲಸ್ ವೈರಿಗೋ ಹಾಕಿದ್ದು ಕೆಟ್ಟರೆ ನಡುರಸ್ತೆಯಲ್ಲಿ ನಿಲ್ಲುತ್ತೀರಿ. ಕಾಯಿಲ್ ಮೈನಸ್‌ಗೆ ಅರ್ಥ್ ಕೊಡುವ ನನ್ನ ವಿಧಾನದಲ್ಲಿ ವೈರ್ ಬಿಟ್ಟುಹೋದರೆ ಗಾಡಿ ಓಡುತ್ತಲೇ ಇರುತ್ತದೆ, ಭದ್ರತೆ ಮಾತ್ರ ಹೋಗುತ್ತದೆ. ಆದರೆ ಆ ವೈರಿನ ಪದರ ಸವೆದು ಗಾಡಿಯ ತಗಡಿಗೆ ತಾಗಿದರೆ ಎಂಜಿನ್ ನಿಲ್ಲುತ್ತದೆ. ಅದಕ್ಕೆ ತಗಡು ದಾಟುವ ಕಡೆಯಲ್ಲೆಲ್ಲ ರಬ್ಬರ್ ಗ್ರೊಮೆಟ್, ಉದ್ದಕ್ಕೂ ಕೊಳವೆ, ತುದಿಗೆ ಸರಿಯಾದ ಕ್ರಿಂಪ್, ಬಿಸಿಯಾಗುವ ಭಾಗಗಳಿಂದ ದೂರ. ಸೆಲ್ಫ್ ಸ್ವಿಚ್ ಒಂದನ್ನೇ ನಂಬಿದರೆ ತಳ್ಳಿ ಸ್ಟಾರ್ಟ್ ಮಾಡಿಕೊಂಡು ಹೋಗುತ್ತಾರೆ, ಅದೂ ಗೊತ್ತಿರಲಿ.

ವೈರಿಂಗ್ ಬೇಡವೇ ಬೇಡ ಅನ್ನುವವರಿಗೆ ಬಹಳ ಹಳೆಯ ದಾರಿ ಒಂದಿದೆ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಗೆ ತಿರುಗುವ ಪುಟ್ಟ ಭಾಗವಾದ ರೋಟರನ್ನು ಜೇಬಿಗೆ ಹಾಕಿಕೊಂಡು ಹೋಗುವುದು. ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಬ್ರಿಟನ್‌ನಲ್ಲಿ ಶತ್ರು ಸೈನಿಕರ ಕೈಗೆ ಸಿಗಬಾರದು ಅಂತ ನಿಲ್ಲಿಸಿದ ಗಾಡಿಗಳನ್ನು ಓಡದ ಹಾಗೆ ಮಾಡಿಡಬೇಕು ಎಂದು ಕಾನೂನೇ ಬಂದಿತ್ತು, ಆಗ ಜನ ಹೀಗೆ ಮಾಡುತ್ತಿದ್ದರು. ವಾರಗಟ್ಟಲೆ ನಿಲ್ಲಿಸುವ ಗಾಡಿಗೆ ಇವತ್ತಿಗೂ ಇದು ಚೆನ್ನಾಗಿ ಒಪ್ಪುತ್ತದೆ.


ಎರಡು ಚಕ್ರ

ಹಳೇ ಬೈಕ್‌ನವರ ಪರವಾಗಿ ನಾನು ಎರಡು ಮಾತು. ಬೈಕನ್ನು ಓಡಿಸಿಕೊಂಡು ಹೋಗಬೇಕಿಲ್ಲ, ಇಬ್ಬರು ಎತ್ತಿ ವ್ಯಾನಿಗೆ ಹಾಕಿದರೆ ಮುಗಿಯಿತು. ಹ್ಯಾಂಡಲ್ ಲಾಕ್ ಒದ್ದು ತಿರುಗಿಸಿದರೆ ಮುರಿಯುತ್ತದೆ. ಮ್ಯಾಗ್ನೆಟೊ ಇರುವ ಬೈಕಿಗೆ ಬ್ಯಾಟರಿ ಬಿಚ್ಚಿಟ್ಟು ಉಪಯೋಗವಿಲ್ಲ, ಅದು ತನ್ನ ಕರೆಂಟ್ ತಾನೇ ಹುಟ್ಟಿಸಿಕೊಳ್ಳುತ್ತದೆ.

ಹಾಗಾಗಿ ಕಟ್ಟಿಹಾಕುವುದೇ ದಾರಿ. ಗಟ್ಟಿ ಮಾಡಿದ ಉಕ್ಕಿನ ಸರಪಳಿ, ಕೊಂಡಿ 16 ಮಿಲಿಮೀಟರ್ ದಪ್ಪ ಇದ್ದರೆ ಕೈಯಲ್ಲಿ ಹಿಡಿಯುವ ಬೋಲ್ಟ್ ಕತ್ತರಿಗೆ ಸಿಗುವುದಿಲ್ಲ. ಸರಪಳಿ ನೆಲಕ್ಕೆ ತಾಗಿ ಬಿದ್ದಿರಬಾರದು. ನೆಲದ ಮೇಲಿದ್ದರೆ ಸುತ್ತಿಗೆಯಲ್ಲಿ ಜಜ್ಜುತ್ತಾರೆ, ಅಥವಾ ಕತ್ತರಿಯ ಒಂದು ಹಿಡಿಯನ್ನು ನೆಲಕ್ಕೆ ಊರಿ ಮೈಭಾರ ಹಾಕುತ್ತಾರೆ. ಚಕ್ರದ ಮೂಲಕ ಮಾತ್ರ ಹಾಕಿದರೆ ಚಕ್ರ ಬಿಚ್ಚಿಟ್ಟು ಬೈಕ್ ಒಯ್ಯುತ್ತಾರೆ, ಫ್ರೇಮಿನ ಮೂಲಕ ಹಾಕಿ ನೆಲದಲ್ಲಿ ಹೂತ ಕೊಂಡಿಗೆ ಬಿಗಿಯಿರಿ. ನನ್ನ ತಮ್ಮ ತುಂಬಾ ಒಳ್ಳೆಯ ಸರಪಳಿ ತಂದು ಅದಕ್ಕೆ ಸಾಮಾನ್ಯ ಬೀಗ ಹಾಕಿದ್ದ. ಬೆಳಿಗ್ಗೆ ಸರಪಳಿ ಹಾಗೇ ಇತ್ತು, ಬೀಗ ಎರಡು ತುಂಡಾಗಿ ಪಕ್ಕದಲ್ಲಿ ಬಿದ್ದಿತ್ತು, ಬೈಕ್ ಇರಲಿಲ್ಲ. ಇವತ್ತಿಗೂ ಅವನು ಆ ಜಾಗದಲ್ಲಿ ಬೇರೆ ಗಾಡಿ ನಿಲ್ಲಿಸುವುದಿಲ್ಲ.


ಮಳೆಹನಿ

ಎರಡು ಚಕ್ರ ಅವರೇ, ನಿಮ್ಮ ತಮ್ಮನ ಬೈಕ್ ವಿಷಯ ಓದಿ ಮನಸ್ಸು ಭಾರವಾಯಿತು.

ಕಾರಿನ ಸ್ಟೇರಿಂಗ್‌ಗೆ ಅಡ್ಡ ಹಾಕುವ ಉದ್ದನೆಯ ಕಂಬಿ ಲಾಕ್ ಬಗ್ಗೆ ಏನಂತೀರಿ? ನಾನು ದಿನಾ ಹಾಕುತ್ತೇನೆ.


ಕೀಲಿಕೈ

ಹಾಕಿ. ಹಾಕುವುದು ಹಾಕದಿರುವುದಕ್ಕಿಂತ ಎಷ್ಟೋ ಮೇಲು. ಅದರ ಮಿತಿ ಏನೆಂದರೆ, ಕಂಬಿಯನ್ನು ಕತ್ತರಿಸುವ ಗೋಜಿಗೆ ಯಾರೂ ಹೋಗುವುದಿಲ್ಲ, ಸ್ಟೇರಿಂಗ್ ಬಳೆಯನ್ನೇ ಗರಗಸದಲ್ಲಿ ಕತ್ತರಿಸಿ ಬಗ್ಗಿಸಿ ಕಂಬಿ ಜಾರಿಸುತ್ತಾರೆ. ಬಳೆ ಪೂರ್ತಿ ಮುಚ್ಚುವ ತಟ್ಟೆಯಂಥ ಲಾಕ್ ಅದಕ್ಕಿಂತ ಗಟ್ಟಿ. ಆದರೂ ಕಿಟಕಿಯಿಂದ ಎದ್ದು ಕಾಣುವ ಹಳದಿ ಅಥವಾ ಕೆಂಪು ಕಂಬಿಗೆ ಅದರದೇ ಬೆಲೆ ಇದೆ. ಗಾಜು ಒಡೆಯುವ ಮೊದಲು ಕಳ್ಳ ಇಣುಕಿ ನೋಡುತ್ತಾನಲ್ಲ, ಆ ಹೊತ್ತಿಗೆ ಕಣ್ಣಿಗೆ ಬೀಳಬೇಕು. ಗುಪ್ತ ಸ್ವಿಚ್ ಗಾಡಿ ಉಳಿಸುತ್ತದೆ, ಗಾಜು ಉಳಿಸುವುದಿಲ್ಲ. ನಿಮ್ಮ ಗಾಡಿಯ ಗಾಜು ಈಗ ಎಲ್ಲೂ ತಯಾರಾಗುತ್ತಿಲ್ಲ ಅಂದರೆ ಆ ಕಂಬಿಯ ಬೆಲೆ ಇನ್ನೂ ಹೆಚ್ಚು.

ನಿಲ್ಲಿಸುವಾಗ ಮುಂದಿನ ಚಕ್ರ ಪೂರ್ತಿ ಒಂದು ಕಡೆಗೆ ತಿರುಗಿಸಿ, ಕೀ ತೆಗೆದು, ಸ್ಟೇರಿಂಗ್ ಲಾಕ್ ಬಿದ್ದ ಸದ್ದು ಕೇಳಿಸಿಕೊಂಡೇ ಇಳಿಯಿರಿ. ಕಟ್ಟಿ ಎಳೆದುಕೊಂಡು ಹೋಗುವವರಿಗೆ ಗಾಡಿ ನೆಟ್ಟಗೆ ಬರುವುದಿಲ್ಲ. ಸ್ಟೇರಿಂಗ್ ಲಾಕ್ ಇಲ್ಲದ ಇನ್ನೂ ಹಳೆಯ ಗಾಡಿಗಳಿವೆ. ಅಮೆರಿಕದಲ್ಲಿ ಕೀ ತೆಗೆದಾಗ ಸ್ಟೇರಿಂಗ್ ಆದರೂ ಗಾಡಿಯ ಚಲನೆಯಾದರೂ ಲಾಕ್ ಆಗಲೇಬೇಕೆಂಬ ನಿಯಮ 1970ರಿಂದ ಬಂತು. ಅದಕ್ಕೂ ಹಿಂದಿನ ಗಾಡಿ ಇರುವವರಿಗೆ ಕಂಬಿ ಬಿಟ್ಟರೆ ಗತಿಯಿಲ್ಲ.


ಬಿಡಿಭಾಗ

ಎಲ್ಲರೂ ಇಡೀ ಗಾಡಿ ಹೋಗುವ ಮಾತಾಡುತ್ತಿದ್ದೀರಿ. ನಾನು ನೋಡಿದ ಮಟ್ಟಿಗೆ ಹಳೇ ಗಾಡಿಯನ್ನು ತುಂಡು ತುಂಡಾಗಿ ಕದಿಯುವುದೇ ಹೆಚ್ಚು. ಬ್ಯಾಟರಿ, ಸ್ಟೆಪ್ನಿ, ವೀಲ್ ಕ್ಯಾಪ್, ಹಿಂದಿನ ಲೈಟು, ಮುಂದಿನ ಲಾಂಛನ. ಇವುಗಳಲ್ಲಿ ಕೆಲವು ದುಡ್ಡು ಕೊಟ್ಟರೂ ಮತ್ತೆ ಸಿಗುವುದಿಲ್ಲ.

ಮೊದಲ ಬಾಗಿಲು ಬಾನೆಟ್. ಎಷ್ಟೋ ಹಳೇ ಗಾಡಿಗಳಲ್ಲಿ ಬಾನೆಟ್ ಹೊರಗಿನಿಂದಲೇ ತೆರೆಯುತ್ತದೆ, ಗ್ರಿಲ್ ಸಂದಿಗೆ ಬೆರಳು ಹಾಕಿದರೆ ಸಾಕು. ಅದು ತೆರೆದರೆ ಬ್ಯಾಟರಿ, ಹಾರ್ನ್, ಅಲಾರಂ, ಮೇಷ್ಟ್ರು ಹೇಳಿದ ಅರ್ಥ್ ವೈರ್ ಎಲ್ಲವೂ ಕಳ್ಳನ ಕೈಯಲ್ಲಿ. ಬಾನೆಟ್‌ಗೆ ಬೀಗ ಹಾಕಿಸದೆ ಬೇರೆ ಏನು ಹಾಕಿಸಿದರೂ ಅರ್ಧ ಕೆಲಸ. ಚಕ್ರಕ್ಕೆ ಬೇರೆ ಆಕಾರದ ಲಾಕಿಂಗ್ ನಟ್ಟು ಒಂದೊಂದು, ಅದರ ಸಾಕೆಟ್ ಗಾಡಿಯೊಳಗೆ ಎದುರಿಗೇ ಇಡಬೇಡಿ. ಪೆಟ್ರೋಲ್ ಟ್ಯಾಂಕಿಗೆ ಕೀ ಇರುವ ಮುಚ್ಚಳ. ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಇರುವ ಕಾಲದ ಗಾಡಿಯಾದರೆ ಅದಕ್ಕೂ ಕಾಪು ಬೇಕು, ಒಳಗಿರುವ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂಗಾಗಿ ಕೆಳಗಿನಿಂದ ಕತ್ತರಿಸಿ ಒಯ್ಯುತ್ತಾರೆ. 1986ರ ಕಾರ್ಬ್ಯುರೇಟರ್ ಗಾಡಿಗೆ ಬಹುಶಃ ಅದು ಇರಲಿಕ್ಕಿಲ್ಲ.

ಗುರುತು ಹಾಕಿಡಿ. ಗಾಜುಗಳ ಮೂಲೆಯಲ್ಲಿ ಚಾಸಿ ನಂಬರ್ ಕೊರೆಸಬಹುದು. ಲೈಟಿನ ಒಳಮೈ, ಸ್ಟೆಪ್ನಿಯ ಡಿಸ್ಕ್, ಸೀಟಿನ ಕೆಳಗಿನ ಕಬ್ಬಿಣದ ಮೇಲೆ ನಿಮ್ಮದೇ ಒಂದು ಗುಟ್ಟಿನ ಗುರುತು ಮಾಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಹಳೇ ಗಾಡಿಗಳ ಚಾಸಿ ನಂಬರ್ ಈಗಿನ ಹಾಗೆ 17 ಅಕ್ಷರದ್ದಾಗಿರುವುದಿಲ್ಲ, ಚಿಕ್ಕದಾಗಿರುತ್ತದೆ, ಪೇಂಟ್ ಮೇಲೆ ಪೇಂಟ್ ಬಿದ್ದು ಮುಚ್ಚಿಯೂ ಹೋಗಿರುತ್ತದೆ. ಅದನ್ನು ಹುಡುಕಿ, ಉಜ್ಜಿ, ಪೆನ್ಸಿಲ್ ಅಚ್ಚು ತೆಗೆದು ಮನೆಯಲ್ಲಿಡಿ. ಗಾಡಿ ಸಿಕ್ಕಾಗ "ಇದು ನನ್ನದೇ" ಅಂತ ತೋರಿಸಲು ಬೇಕಾಗುತ್ತದೆ.


ಅಪ್ಪನ ಗಾಡಿ

ಜಿಪಿಎಸ್ ಟ್ರ್ಯಾಕರ್ ಹಾಕಿಸಲಾ? ನನ್ನ ಗಾಡಿ ವಾರಕ್ಕೆ ಒಂದು ಸಲ ಹೊರಗೆ ಹೋದರೆ ಹೆಚ್ಚು.


ವೈರಿಂಗ್ ಮೇಷ್ಟ್ರು

ಹಾಕಿಸಿ, ಆದರೆ ಲೆಕ್ಕ ಹಾಕಿ. ಟ್ರ್ಯಾಕರ್ ಒಂದೇ ಸಮ 20 ಮಿಲಿಆಂಪಿಯರ್ ಎಳೆಯಿತು ಅಂದುಕೊಳ್ಳಿ. ದಿನಕ್ಕೆ ಸುಮಾರು ಅರ್ಧ ಆಂಪಿಯರ್-ಅವರ್ ಆಯಿತು. 40 ಆಂಪಿಯರ್-ಅವರ್ ಬ್ಯಾಟರಿ ನಲವತ್ತು ದಿನಕ್ಕೆ ಅರ್ಧ ಖಾಲಿ, ಹಳೇ ಬ್ಯಾಟರಿಯಾದರೆ ಇನ್ನೂ ಬೇಗ ಸೆಲ್ಫ್ ಎಳೆಯಲಾರದು. ವಾರಕ್ಕೊಮ್ಮೆ ಓಡಿಸಿದರೆ ತೊಂದರೆಯಿಲ್ಲ. ಐಸೊಲೇಟರ್ ಕೂಡ ಹಾಕಿಸುವುದಾದರೆ ತನ್ನದೇ ಬ್ಯಾಟರಿ ಇರುವ ಟ್ರ್ಯಾಕರ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಐಸೊಲೇಟರ್ ತಿರುಗಿಸಿದ ಕೂಡಲೇ ಅದೂ ಕುರುಡಾಗುತ್ತದೆ. ಕೊಳ್ಳುವ ಮೊದಲು ಯಾವ ನೆಟ್‌ವರ್ಕ್ ಮೇಲೆ ಕೆಲಸ ಮಾಡುತ್ತದೆ ಕೇಳಿ, ಎಷ್ಟೋ ಕಡೆ 2ಜಿ ನಿಲ್ಲಿಸಿಬಿಟ್ಟಿದ್ದಾರೆ. ಕಬ್ಬಿಣದ ಪೆಟ್ಟಿಗೆಯೊಳಗೆ ಇಟ್ಟರೆ ಸಿಗ್ನಲ್ ಸಿಗುವುದಿಲ್ಲ.


ಎರಡು ಚಕ್ರ

2021ರಲ್ಲಿ ಬಂದ ಏರ್‌ಟ್ಯಾಗ್ ಥರದ ಬಿಲ್ಲೆಗಳನ್ನೂ ಜನ ಗಾಡಿಯಲ್ಲಿ ಬಚ್ಚಿಡುತ್ತಾರೆ. ಅದು ಜಿಪಿಎಸ್ ಅಲ್ಲ, ಸುತ್ತಮುತ್ತ ಹಾದುಹೋಗುವವರ ಫೋನುಗಳ ಮೂಲಕ ಜಾಗ ತಿಳಿಸುತ್ತದೆ. ಯಾರನ್ನಾದರೂ ಗುಟ್ಟಾಗಿ ಹಿಂಬಾಲಿಸಲು ಬಳಸಬಾರದು ಅಂತ, ಅಪರಿಚಿತ ಬಿಲ್ಲೆ ಜೊತೆಗೆ ಬರುತ್ತಿದೆ ಎಂದು ಫೋನ್ ಎಚ್ಚರಿಸುವ ಏರ್ಪಾಡು ಅದರಲ್ಲಿದೆ. ಅಂದರೆ ಸ್ವಲ್ಪ ಹೊತ್ತಿನಲ್ಲಿ ಕಳ್ಳನ ಫೋನಿಗೂ ಸುದ್ದಿ ಹೋಗಬಹುದು. ಎರಡನೇ ಸಾಲಿನ ಕಾವಲು ಅಂತ ಇಡಿ, ಅದೊಂದನ್ನೇ ನಂಬಬೇಡಿ.

ಮತ್ತೆ ದಯವಿಟ್ಟು, ನಕ್ಷೆಯಲ್ಲಿ ಚುಕ್ಕಿ ಕಂಡಿತು ಅಂತ ನೀವೇ ಹುಡುಕಿಕೊಂಡು ಹೋಗಬೇಡಿ. ಪೊಲೀಸರಿಗೆ ತೋರಿಸಿ, ಅವರ ಜೊತೆ ಹೋಗಿ. ಬೈಕ್ ಹೋದರೆ ಹೋಗಲಿ, ಜೀವ ಮುಖ್ಯ.


ಬಟ್ಟೆ ಟಾಪ್

ನನ್ನದು ಬಟ್ಟೆ ಚಾವಣಿಯ ಕಾರು. ನಾನು ಬಾಗಿಲಿಗೆ ಬೀಗ ಹಾಕುವುದೇ ಇಲ್ಲ. ಒಳಗೆ ಏನೂ ಇಡುವುದಿಲ್ಲ, ತೆರೆದು ನೋಡಿ ಹೋಗಲಿ ಅಂತ ಬಿಟ್ಟಿರುತ್ತೇನೆ. ಬೀಗ ಹಾಕಿದ ದಿನವೇ ಚಾವಣಿ ಕೊಯ್ದಿದ್ದರು, ಒಂದು ಛತ್ರಿಗೋಸ್ಕರ.


ವಿಮೆ ಗೊತ್ತಿರುವವ

ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೆ ಬೀಗ ಹಾಕದ ಗಾಡಿ ಕಳುವಾದರೆ ಪರಿಹಾರ ಕೊಡುವುದಿಲ್ಲ ಅನ್ನುವ ಷರತ್ತು ಅನೇಕ ಪಾಲಿಸಿಗಳಲ್ಲಿ ಇರುತ್ತದೆ. ನಿಮ್ಮದನ್ನು ತೆಗೆದು ಒಮ್ಮೆ ಓದಿ. ಚಾವಣಿ ಉಳಿಸಲು ಹೋಗಿ ಕಾರೇ ಕಳೆದುಕೊಂಡ ಹಾಗೆ ಆಗಬಾರದು.

ಹಳೇ ಗಾಡಿಯವರು ನೋಡಬೇಕಾದ್ದು ಇನ್ನೆರಡು. ಮೂರನೆಯವರ ಹಾನಿಗೆ ಮಾತ್ರ ಇರುವ ವಿಮೆ ನಿಮ್ಮ ಗಾಡಿ ಕಳುವಾದರೆ ಏನೂ ಕೊಡುವುದಿಲ್ಲ, ಹಳೇ ಗಾಡಿ ಅಂತ ಬಹಳ ಜನ ಅಷ್ಟನ್ನೇ ಮಾಡಿಸಿರುತ್ತಾರೆ. ಪೂರ್ಣ ವಿಮೆ ಇದ್ದರೂ ಸವಕಳಿ ಕಳೆದ ಬೆಲೆ ಅಂತ ಬರೆದಿದ್ದರೆ ನಲವತ್ತು ವರ್ಷದ ಗಾಡಿಗೆ ಹೆಸರಿಗೆ ಮಾತ್ರ ಮೊತ್ತ. ಮೊದಲೇ ಇಬ್ಬರೂ ಒಪ್ಪಿದ ಬೆಲೆಗೆ ವಿಮೆ ಕೊಡುತ್ತಾರಾ ಅಂತ ಕೇಳಿ, ಗಾಡಿಯ ಒಳಗೆ ಹೊರಗೆ ಫೋಟೋ, ಕೆಲಸ ಮಾಡಿಸಿದ ಬಿಲ್ಲು ಎಲ್ಲ ಜೋಡಿಸಿಡಿ. ಕಳುವಾದಾಗ ಎಲ್ಲ ಕೀಗಳನ್ನೂ ಒಪ್ಪಿಸಿ ಅನ್ನುತ್ತಾರೆ, ಎರಡನೇ ಕೀ ಎಲ್ಲಿದೆ ಅಂತ ಇವತ್ತೇ ನೋಡಿಕೊಳ್ಳಿ. ಗಾಡಿ ಕಾಗದದ ಮೂಲ ಪ್ರತಿಗಳನ್ನು ಗಾಡಿಯಲ್ಲೇ ಬಿಟ್ಟು ಹೋಗಬೇಡಿ, ಅದರಲ್ಲಿ ಮನೆ ವಿಳಾಸ ಇರುತ್ತದೆ.


ಡೀಸೆಲ್ ಹೊಗೆ

ಗಾಡಿಗೆ ಕವರ್ ಹೊದಿಸೋದು ಒಳ್ಳೇದಾ? ನಮ್ಮ ಕಡೆ ಒಬ್ರು ಬೇಡ ಅಂದ್ರು.


ಬಿಡಿಭಾಗ

ಎರಡೂ ಇದೆ ಅಣ್ಣ. ಒಳಗೆ ಏನಿದೆ, ಯಾವ ಗಾಡಿ ಅಂತ ದಾರಿಯಲ್ಲಿ ಹೋಗುವವನಿಗೆ ಕಾಣುವುದಿಲ್ಲ, ಅಷ್ಟು ಲಾಭ. ಆದರೆ ಧೂಳು ಹಿಡಿದ ಕವರ್ ಅಂದರೆ "ಇಲ್ಲಿ ಯಾರೂ ಬರುವುದಿಲ್ಲ" ಅಂತ ಬೋರ್ಡ್ ಹಾಕಿದ ಹಾಗೆ. ಕವರಿನ ಕೆಳಗೆ ಕೂತು ಚಕ್ರ ಬಿಚ್ಚಿದರೂ ಯಾರಿಗೂ ಕಾಣುವುದಿಲ್ಲ. ನಾನಂತೂ ಮನೆಯ ಆವರಣದೊಳಗೆ ಮಾತ್ರ ಹೊದಿಸುತ್ತೇನೆ. ರಸ್ತೆಯಲ್ಲಿದ್ದರೆ ಹೊದಿಸುವುದಿಲ್ಲ. ವಾರಕ್ಕೆರಡು ಸಲ ಜಾಗ ಒಂದಿಷ್ಟು ಬದಲಿಸಿ, ಕಸ ಗುಡಿಸಿ, ಗಾಜು ಒರೆಸಿ. ಯಾರೋ ನೋಡಿಕೊಳ್ಳುತ್ತಿದ್ದಾರೆ ಅಂತ ತಿಳಿಯಬೇಕು.

ಇನ್ನೊಂದು, ಫೋಟೋ ಹಾಕುವಾಗ ಹಿಂದೆ ಮನೆ ನಂಬರ್, ಬೀದಿ ಫಲಕ ಕಾಣದಂತೆ ನೋಡಿಕೊಳ್ಳಿ. ಅಪರೂಪದ ಗಾಡಿ ಎಲ್ಲಿದೆ ಅಂತ ನಾವೇ ವಿಳಾಸ ಕೊಟ್ಟುಬಿಡುತ್ತೇವೆ. ಮಾರಲು ಇಟ್ಟಾಗ ನೋಡಲು ಬಂದವರ ಕೈಗೆ ಕೀ ಕೊಟ್ಟು "ಒಂದು ಸುತ್ತು ಹೋಗಿಬನ್ನಿ" ಅನ್ನಬೇಡಿ, ಪಕ್ಕದಲ್ಲಿ ಕೂತೇ ಹೋಗಿ.


ಮಳೆಹನಿ

ಗಾಜಿನ ಮೇಲೆ ಫೋನ್ ಹೋಲ್ಡರ್ ಅಂಟಿಸಿದ ದುಂಡು ಕಲೆ ಇದ್ದರೂ ಒರೆಸಿಬಿಡಿ. ಫೋನೋ ಜಿಪಿಎಸ್ಸೋ ಒಳಗೆ ಇಟ್ಟಿರಬಹುದು ಅಂತ ಒಡೆಯುತ್ತಾರೆ. ಡ್ಯಾಶ್‌ಬೋರ್ಡ್ ಖಾನೆ ಖಾಲಿ ಮಾಡಿ, ಬಾಯಿ ತೆರೆದೇ ಬಿಟ್ಟು ಹೋಗುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ.


ಅಪ್ಪನ ಗಾಡಿ

ಐದು ವಾರ ಆಯಿತು, ಏನೇನು ಮಾಡಿದೆ ಅಂತ ಹೇಳಿ ಹೋಗೋಣ ಅಂತ ಬಂದೆ.

ನಾಲ್ಕೂ ಬೀಗ ಬಿಚ್ಚಿಸಿ ಹೊಸ ಬಿಲ್ಲೆ, ಸ್ಪ್ರಿಂಗ್ ಹಾಕಿಸಿದೆ. ಬಿಚ್ಚಿದ ಹಳೇ ಬಿಲ್ಲೆಗಳನ್ನು ಬೀಗದವರು ನನ್ನ ಅಂಗೈ ಮೇಲೆ ಇಟ್ಟು ತೋರಿಸಿದರು. ಚೌಕವಾಗಿರಬೇಕಾದ ಅಂಚು ಚಮಚದ ತುದಿಯ ಹಾಗೆ ನುಣ್ಣಗಾಗಿತ್ತು. ಡಿಕ್ಕಿ ಈಗ ಬೀರುವಿನ ಕೀಗೆ ಜಪ್ಪಯ್ಯ ಅಂದರೂ ತೆರೆಯುವುದಿಲ್ಲ. ಇಗ್ನಿಷನ್ ಬೀಗ ಪೂರ್ತಿ ಹೋಗಿತ್ತು, ಒಂದು ಗುಜರಿ ಗಾಡಿಯಿಂದ ಒಳ್ಳೆಯದು ಸಿಕ್ಕಿತು, ಅದನ್ನೂ ಹೊಸ ಕೀಗೆ ಹೊಂದಿಸಿದರು. ಬಾನೆಟ್‌ಗೆ ಬೀಗ ಆಯಿತು.

ಮೇಷ್ಟ್ರು ಹೇಳಿದ ಅರ್ಥ್ ಸ್ವಿಚ್ ಹಾಕಿಸಿದೆ, ಗ್ರೊಮೆಟ್, ಕೊಳವೆ ಎಲ್ಲ ಕೂತು ನೋಡಿ ಹಾಕಿಸಿದೆ. ಎಲ್ಲಿದೆ ಅಂತ ಇಲ್ಲಿ ಬರೆಯುವುದಿಲ್ಲ, ಕ್ಷಮಿಸಿ. ಮೊದಲ ವಾರ ಎರಡು ಸಲ ನಾನೇ ಮರೆತು ಸೆಲ್ಫ್ ಹೊಡೆದೂ ಹೊಡೆದೂ ಗಾಬರಿಯಾದೆ. ಈಗ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಟ್ರ್ಯಾಕರ್ ಸ್ವಂತ ಬ್ಯಾಟರಿಯದ್ದು ತಂದಿದ್ದೇನೆ. ಕೆಂಪು ಕಂಬಿಯೂ ಬಂತು. ರಿಮೋಟ್ ಅಲಾರಂ ಹಾಕಿಸಲಿಲ್ಲ.

ತ್ರಿಕೋನದ ಗಾಜು ಇನ್ನೂ ಸಿಕ್ಕಿಲ್ಲ, ಸದ್ಯಕ್ಕೆ ಪಾಲಿಕಾರ್ಬೊನೇಟ್ ಹಾಳೆ ಕತ್ತರಿಸಿ ಕೂರಿಸಿದ್ದೇನೆ. ಯಾರ ಬಳಿಯಾದರೂ ಎಡ ಹಿಂಬದಿಯ ಗಾಜು ಇದ್ದರೆ ತಿಳಿಸಿ.


ಬಿಡಿಭಾಗ

ಯಾವ ಮಾಡೆಲ್ ಅಂತ ಮೆಸೇಜ್ ಮಾಡಿ. ನನ್ನ ಹತ್ತಿರ ಬಾಗಿಲು ಸಮೇತ ಒಂದು ಇದೆ, ಬೀಡಿಂಗ್ ರಬ್ಬರ್ ಕೂಡ ಇನ್ನೂ ಮೆತ್ತಗಿದೆ.